ಪಾಲಕರು ಎಂದರೆ ಯಾರು

ಮೊದಲು ನೋವು ಬಂದದ್ದು ಕಾಲಿಗೆ.

ನಾಗನೂರಿನ ಶಾಲೆಯ ಕಂಪೌಂಡ್ ಗೋಡೆಗೆ ನಾನು ವರ್ಣಮಾಲೆ ಬರೆಯುತ್ತಿದ್ದೆ. ರಜೆಯಿತ್ತೆಂದು ಮಗಳು ಅಫ್ರೀನ್ ಜೊತೆಗೆ ಬಂದಿದ್ದಳು. ಎಂಟು ವರ್ಷದವಳು. ಬಣ್ಣದ ಡಬ್ಬಿ ಹಿಡಿದು ನಿಲ್ಲುವುದು ಅವಳ ಕೆಲಸ, ಅಕ್ಷರ ಸೊಟ್ಟಗಾದರೆ ಹೇಳುವುದು ಅವಳ ಹಕ್ಕು. ಅವತ್ತು ಟ ಠ ಡ ಢ ಮುಗಿಯುವಷ್ಟರಲ್ಲಿ ನೆಲಕ್ಕೆ ಕೂತುಬಿಟ್ಟಳು.

“ಅಬ್ಬಾ, ಕಾಲ ಭಾಳ ನೋಯಾಕತ್ತಾವ.”

ಆಟವಾಡಿ ಹೀಗಾಗಿದೆ ಅಂದುಕೊಂಡೆ. ಮನೆಗೆ ಹೋಗಿ ಎಣ್ಣೆ ಹಚ್ಚಿದೆವು. ಎರಡು ದಿನಕ್ಕೆ ಜ್ವರ ಬಂತು. ಮೂರನೆಯ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ. ಮೊಣಕಾಲಿನ ಕೆಳಗೆ ಎಲ್ಲೂ ಬೀಳದಿದ್ದರೂ ನೀಲಿ ಕಲೆಗಳು. ನಮ್ಮೂರು ಮೂಡಲಗಿಯಿಂದ ಗೋಕಾಕಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿದರು. ರಿಪೋರ್ಟ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇವತ್ತ ಬೆಳಗಾವಿಗೆ ಕರ್ಕೊಂಡು ಹೋಗ್ರಿ.”

“ನಾಳೆ ಮುಂಜಾನೆ ಹೋದ್ರ ನಡಿಯಂಗಿಲ್ಲೇನ್ರಿ ಸಾಹೇಬ್ರ?”

“ಇವತ್ತ.”

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಬೋನ್ ಮ್ಯಾರೋ ಟೆಸ್ಟ್ ಆಯಿತು. ಬೆನ್ನಿನ ಕೆಳಗೆ ಸೂಜಿ ಹಾಕುವಾಗ ನನ್ನನ್ನು ಹೊರಗೆ ನಿಲ್ಲಿಸಿದ್ದರು. ಮರುದಿನ ಡಾಕ್ಟರ್ ಮೇಡಂ ಒಂದು ಉದ್ದ ಹೆಸರು ಹೇಳಿದರು. ನನಗೆ ಕಿವಿಯಿಂದ ಒಳಗೆ ಇಳಿಯಲಿಲ್ಲ. “ಬರದು ಕೊಡ್ರಿ ಮೇಡಂ” ಎಂದೆ. ನಾನು ಬೋರ್ಡ್ ಬರೆಯುವ ಪೇಂಟರ್. ಅಕ್ಷರವಾಗಿ ಕಂಡರೆ ಮಾತ್ರ ನನಗೆ ಯಾವುದೂ ತಿಳಿಯುತ್ತದೆ. ಅವರು ಕಾಗದದ ಮೇಲೆ ಬರೆದರು. ಅದರ ಕೆಳಗೆ ಕಂಸದಲ್ಲಿ ಕನ್ನಡದಲ್ಲಿ ಎರಡೇ ಶಬ್ದ.

ಬ್ಲಡ್ ಕ್ಯಾನ್ಸರ್.

ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಮಕ್ಕಳಲ್ಲಿ ಇದು ಬಹುಪಾಲು ವಾಸಿಯಾಗುತ್ತದೆ, ಎರಡು ವರ್ಷಕ್ಕಿಂತ ಹೆಚ್ಚು ಔಷಧ ಬೇಕು, ಮೊದಲ ತಿಂಗಳು ಎಲ್ಲಕ್ಕಿಂತ ಕಷ್ಟದ್ದು. ಕೀಮೋದಿಂದ ಬಿಳಿ ರಕ್ತಕಣಗಳು ಇಳಿದುಹೋಗುತ್ತವೆ. ಆಗ ಜ್ವರ ಬಂದರೆ ಅದು ಬರೀ ಜ್ವರ ಅಲ್ಲ. “ಜ್ವರ ಬಂದ ಒಂದು ತಾಸಿನೊಳಗೆ ಮಗು ನಮ್ಮ ಕೈಯಲ್ಲಿರಬೇಕು” ಎಂದರು.

ಮೂಡಲಗಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಒಂದು ತಾಸಿನಲ್ಲಿ ಯಾರೂ ಮುಟ್ಟಿಲ್ಲ.

ನನ್ನ ಹೆಂಡತಿ ಶಮೀಮ್ ಹೆತ್ತು ಆಗ ಇಪ್ಪತ್ತು ದಿನ. ಆಪರೇಷನ್ ಆಗಿತ್ತು, ಹೊಲಿಗೆ ಇನ್ನೂ ಹಸಿ. ಮಡಿಲಲ್ಲಿ ಕೂಸು. ಕೂಸನ್ನು ಕ್ಯಾನ್ಸರ್ ವಾರ್ಡಿಗೆ ಒಯ್ಯುವಂತಿಲ್ಲ, ಬಿಟ್ಟು ಬರುವಂತೆಯೂ ಇಲ್ಲ. ಫೋನಿನಲ್ಲಿ ನಾನು ಹೆಸರು ಹೇಳಿದಾಗ ಅವಳು ಅಳಲಿಲ್ಲ. ಇಷ್ಟೇ ಹೇಳಿದಳು. “ನಾ ಬರಾಕ ಆಗೂದಿಲ್ಲ. ನೀವ ಆಕಿ ಅಮ್ಮಿನೂ ಆಗ್ರಿ.”

ಆದೆ. ತಲೆ ಬಾಚುವುದು ಕಲಿತೆ, ಕಲಿಯುವಷ್ಟರಲ್ಲಿ ಬಾಚಲು ಕೂದಲು ಉಳಿಯಲಿಲ್ಲ. ದಿಂಬಿನ ಮೇಲೆ ಉದುರಿದ ಕೂದಲನ್ನು ಅವಳು ಏಳುವ ಮೊದಲೇ ಎತ್ತಿ ಮುಚ್ಚಿಡುತ್ತಿದ್ದೆ. ಬಾಯಿಯ ಹುಣ್ಣಿಗೆ ಔಷಧ ಹಚ್ಚುವುದು, ಯೂರಿನ್ ಅಳೆದು ಬರೆಯುವುದು, ಸ್ಟೀರಾಯ್ಡ್ ಮಾತ್ರೆಯನ್ನು ಬೆಲ್ಲದಲ್ಲಿ ಅದುಮಿ ನುಂಗಿಸುವುದು. ಆ ಮಾತ್ರೆಯಿಂದ ಅವಳ ಮುಖ ಊದಿಕೊಂಡಿತು, ಹಸಿವು ವಿಪರೀತವಾಯಿತು. ಎರಡು ತಾಸಿಗೊಮ್ಮೆ ಊಟ ಕೇಳುವಳು. ಹೊರಗಿನದು ಕೊಡುವಂತಿಲ್ಲ, ಬಿಸಿಬಿಸಿಯಾಗಿ ಮಾಡಿದ್ದೇ ಆಗಬೇಕು.

ಇದೆಲ್ಲ ಆದದ್ದು ಒಂದು ಮನೆಯಲ್ಲಿ. ಆಸ್ಪತ್ರೆಯಿಂದ ನಡೆದರೆ ಹತ್ತು ನಿಮಿಷದ ದಾರಿ. ಕಾಯಿಲೆಯ ಮಕ್ಕಳ ಕುಟುಂಬಗಳಿಗಾಗಿ ಒಂದು ಸೇವಾ ಸಂಸ್ಥೆ ನಡೆಸುವ ಮನೆ. ಆರು ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಫಾರ್ಮ್ ಕೊಟ್ಟರು, ನಾನು ತುಂಬಿದೆ, ಕೋಣೆ ಸಿಕ್ಕಿತು. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ಮಾಡಿದರು, ತಿದ್ದಿಕೊಂಡರು. ತಿದ್ದಿಕೊಂಡವರ ಹೆಸರು ಹಿಡಿದು ಬೈಯುವುದು ಸರಿಯಲ್ಲ.

ಆ ಮನೆಯಲ್ಲಿ ಉಳಿದ ಐದು ಕೋಣೆಯಲ್ಲೂ ತಾಯಂದಿರು. ನಾನೊಬ್ಬನೇ ಗಂಡಸು. ಮೊದಲೆರಡು ದಿನ ಅವರೂ ಮುದುಡಿದರು, ನಾನೂ ಮುದುಡಿದೆ. ಅವರ ಅಡುಗೆ ಮುಗಿಯುವ ತನಕ ಹೊರಗೆ ಕೂತು ಆಮೇಲೆ ಒಳಗೆ ಹೋಗುತ್ತಿದ್ದೆ. ಮೂರನೆಯ ದಿನ ತುಕ್ಕಾನಟ್ಟಿಯ ಯಲ್ಲವ್ವ ಬಾಗಿಲಲ್ಲಿ ಬಂದು ನಿಂತಳು. ಕುರುಬರ ಹೆಣ್ಣುಮಗಳು. ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಮಗಳು ಲಕ್ಕವ್ವನಿಗೆ ಕಿಡ್ನಿ ತೊಂದರೆ.

“ದಾವಲಣ್ಣಾ, ಕೂಸ ಹಸದ ಅಳಾಕತ್ತೈತಿ, ನೀ ಇಲ್ಲಿ ಯಾಕ ಕುಂತಿ? ಬಾ, ಒಂದ ಒಲಿ ಖಾಲಿ ಐತಿ.”

ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ಸಂಸ್ಥೆಗೆ ದೇಣಿಗೆ ಕೊಡುವವರು ಮನೆ ನೋಡಲು ಬಂದರು. ಆಗ ನಾನು ಒಲೆಯ ಮುಂದೆ ಚುರಮುರಿ ನೆನೆಸಿ ಒಗ್ಗರಣೆ ಹಾಕಿ ಸೂಸಲಾ ಮಾಡುತ್ತಿದ್ದೆ. ಅಫ್ರೀನ್ ಬೆಳಗಿನಿಂದ ಹಠ ಹಿಡಿದಿದ್ದಳು. ಪಕ್ಕದಲ್ಲಿ ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಬಂದವರಲ್ಲಿ ಒಬ್ಬರು ಬಾಗಿಲಲ್ಲೇ ನಿಂತು ಮ್ಯಾನೇಜರ್ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ಸಂಜೆ ಮೇಡಂ ನನ್ನನ್ನು ಆಫೀಸಿಗೆ ಕರೆದರು.

“ನಾಳೆ ಮಧ್ಯಾಹ್ನದೊಳಗ ಕೋಣೆ ಖಾಲಿ ಮಾಡ್ರಿ. ಇದು ತಾಯಿ ಮಕ್ಕಳ ಮನಿ. ಗಂಡಸರು ಇರೂ ಹಂಗಿಲ್ಲ.”

“ಮತ್ತ ಹನ್ನೊಂದ ದಿನ ಇಟ್ಟಕೊಂಡ್ರೆಲ್ಲಾ ಮೇಡಂ.”

“ಅದು ನಮ್ಮ ತಪ್ಪು. ಇಲ್ಲಿ ಸಹಿ ಮಾಡ್ರಿ.”

ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ. ಓದಿದೆ. ಕೋಣೆ ಬಿಡುವ ಕಾರಣ ಎಂಬಲ್ಲಿ ಒಂದು ಸಾಲು ಇತ್ತು. ‘ಮಹಿಳೆಯರೊಂದಿಗೆ ಅನುಚಿತ ವರ್ತನೆಯ ದೂರಿನ ಮೇರೆಗೆ.’

ಮಗಳ ಕಾಯಿಲೆಯ ಹೆಸರು ಕಾಗದದ ಮೇಲೆ ನೋಡಿದಾಗ ನೆಲ ಕುಸಿದಂತಾಗಿತ್ತು. ಈ ಸಾಲು ನೋಡಿದಾಗ ಆದದ್ದು ಬೇರೆ. ಇದನ್ನು ದೇವರು ಬರೆದಿರಲಿಲ್ಲ. ಮನುಷ್ಯರೊಬ್ಬರು ಪೆನ್ನು ಹಿಡಿದು ಬರೆದಿದ್ದರು. ಮನುಷ್ಯರು ಬರೆದದ್ದನ್ನು ಅಳಿಸಬಹುದು. ಅಷ್ಟು ದಿನ ನನ್ನ ಮೈಯಲ್ಲಿ ಬರೀ ಅಂಜಿಕೆ ಇತ್ತು. ಅವತ್ತು ಮೊದಲ ಸಲ ರಕ್ತ ಬಿಸಿಯಾಯಿತು. ನಿಜ ಹೇಳಬೇಕೆಂದರೆ ಹಗುರವೂ ಆಯಿತು. ಕೊನೆಗೂ ನಾನು ಎದುರಿಸಬಹುದಾದದ್ದು ಒಂದು ಎದುರಿಗೆ ಬಂದಿತ್ತು.

“ಇದಕ್ಕ ಸಹಿ ಮಾಡೂದಿಲ್ಲ ಮೇಡಂ. ದೂರ ಕೊಟ್ಟವರು ಯಾರು, ಹೇಳ್ರಿ.”

“ಅದು ಗುಪ್ತ ಇರ್ತೈತಿ.”

ಅಡುಗೆಮನೆಗೆ ಬಂದು ಯಲ್ಲವ್ವನಿಗೆ ಹೇಳಿದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಅವಳು ಹಿಟ್ಟಿನ ಕೈ ಝಾಡಿಸಿ ಒಂದೊಂದೇ ಕೋಣೆಯ ಬಾಗಿಲು ಬಡಿದಳು. ಐದೂ ತಾಯಂದಿರು ಹಾಲ್‌ನಲ್ಲಿ ಸೇರಿದರು. “ಯಾರರ ದೂರ ಕೊಟ್ಟೀರೇನು, ಖರೆ ಹೇಳ್ರಿ” ಎಂದು ಯಲ್ಲವ್ವ ಎಲ್ಲರ ಮುಖ ನೋಡಿದಳು. ಯಾರೂ ಕೊಟ್ಟಿರಲಿಲ್ಲ.

“ಹಂಗಾದ್ರ ಬರಿ ಅಣ್ಣಾ” ಎಂದಳು ನನಗೆ. “ನಮ್ಮ ಹೆಸರ್ಲೆ ಬರದ ಮಾತ ನಮ್ಮದಲ್ಲ ಅಂತ ಬರಿ.”

ಬರೆದೆ. ಇಪ್ಪತ್ತು ವರ್ಷ ಅಂಗಡಿಗಳ ಶಟರ್ ಮೇಲೆ, ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ನನ್ನ ಅಕ್ಷರವನ್ನು ಕೇಳುವವರು ಕಡಿಮೆಯಾಗಿದ್ದರು. ಆ ಸಂಜೆ ಬರೆದಷ್ಟು ನೇರವಾದ ಅಕ್ಷರ ನಾನು ಮತ್ತೆಲ್ಲೂ ಬರೆದಿಲ್ಲ. ಮೂವರು ಸಹಿ ಮಾಡಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಯಲ್ಲವ್ವನ ಹೆಬ್ಬೆಟ್ಟು ಕಾಗದದ ಹಿಂದಕ್ಕೂ ಮೂಡಿತ್ತು.

ಮರುದಿನ ಮಗಳ ಬ್ಲಡ್ ಟೆಸ್ಟ್ ಇತ್ತು. ಬಿಳಿ ರಕ್ತಕಣಗಳ ಕೌಂಟ್ ತೀರಾ ಕೆಳಗೆ ಬಂದಿತ್ತು. ಡಾಕ್ಟರ್ ಮೇಡಂಗೆ ಎಲ್ಲ ಹೇಳಿದೆ. ಅವರು ಸಿಟ್ಟು ಮಾಡಿಕೊಂಡರು, ಆದರೆ ನನ್ನ ಮೇಲಲ್ಲ. “ಈ ಸ್ಥಿತಿಯಲ್ಲಿ ಊರಿಗೆ ಕಳಿಸುವುದಿಲ್ಲ. ನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚು ಆಗಲ್ಲ, ಬೆಡ್‌ಗೆ ಕಾಯುವ ಮಕ್ಕಳಿದ್ದಾರೆ. ಅಷ್ಟರೊಳಗೆ ಏನು ಮಾಡುತ್ತೀರೋ ಮಾಡಿ.”

ನಾಲ್ಕು ದಿನ.

ಮೂಡಲಗಿಯಿಂದ ನನ್ನ ತಾಯಿ ಬಂದರು. ಅವರಿಗೆ ಕಣ್ಣು ಮಂಜು, ಮಾತ್ರೆಯ ಹೆಸರು ಓದಲು ಬಾರದು, ತಿಂಗಳುಗಟ್ಟಲೆ ನೋಡಿಕೊಳ್ಳುವುದು ಅವರಿಂದಾಗದು. ಆದರೆ ವಾರ್ಡಿನಲ್ಲಿ ಸಿಸ್ಟರ್‌ಗಳಿದ್ದರು, ಹಗಲು ಮೊಮ್ಮಗಳ ಪಕ್ಕ ಕೂರಬಲ್ಲರು. ಅವರನ್ನು ಕೂರಿಸಿ ನಾನು ಗೋಕಾಕದ ಬಸ್ ಹತ್ತಿದೆ. ಸಂಸ್ಥೆಯ ಕಚೇರಿ ಅಲ್ಲಿತ್ತು.

ಕಾರ್ಯದರ್ಶಿಗಳು ಒಳ್ಳೆಯ ಮಾತಿನವರು. ಕುರ್ಚಿ ಕೊಟ್ಟರು, ಚಹಾ ತರಿಸಿದರು.

“ನೋಡ್ರಿ ದಾವಲ್, ನಾವ ಧರ್ಮದ ಕೆಲಸ ಮಾಡಾಕತ್ತೇವಿ. ಪುಕ್ಕಟ ಇರಾಕ ಕೊಟ್ಟೇವಿ. ಅದರಾಗ ಜಗಳ ಯಾಕ?”

“ಜಗಳ ಅಲ್ರಿ. ಗಂಡಸರು ಇರಬಾರದು ಅನ್ನೂ ನಿಯಮ ಎಲ್ಲಿ ಬರದೈತಿ, ತೋರಸ್ರಿ.”

ಅವರು ಫೈಲ್ ತಿರುವಿದರು. ನಾನು ತುಂಬಿದ ಫಾರ್ಮ್‌ನ ನಕಲು ನನ್ನ ಚೀಲದಲ್ಲೇ ಇತ್ತು. ತೆಗೆದು ಮುಂದಿಟ್ಟೆ. ‘ಮಗು ಮತ್ತು ಒಬ್ಬ ಪಾಲಕರಿಗೆ ವಸತಿ’ ಎಂದು ಅಚ್ಚಾಗಿತ್ತು.

“ಪಾಲಕರು ಅಂದ್ರ ಯಾರ್ರಿ ಸಾಹೇಬ್ರ? ಇಲ್ಲಿ ತಾಯಿ ಅಂತ ಇಲ್ಲ. ನಾ ಬೋರ್ಡ್ ಬರಿಯಾಂವ. ತಾಯಿ ಅನ್ನೂದಕ್ಕ ಎರಡ ಅಕ್ಷರ, ಪಾಲಕರು ಅನ್ನೂದಕ್ಕ ನಾಕ ಅಕ್ಷರ. ಎರಡರಾಗ ಮುಗಿಯೂದಿತ್ತಂದ್ರ ನೀವ ನಾಕ ಯಾಕ ಬರಸ್ತಿದ್ರಿ?”

ಅವರು ನಕ್ಕರು. ನಾನೂ ನಕ್ಕೆ. ತಾಯಂದಿರು ಸಹಿ ಮಾಡಿದ ಅರ್ಜಿ ಕೊಟ್ಟೆ. “ಇಟ್ಟು ಹೋಗ್ರಿ, ನೋಡ್ತೇವಿ” ಎಂದರು. ಸ್ವೀಕರಿಸಿದೆ ಎಂದು ನಕಲಿನ ಮೇಲೆ ಬರೆದು ಕಚೇರಿಯ ಮೊಹರಿನ ಸಿಕ್ಕಾ ಹಾಕಿಕೊಡುವ ತನಕ ಏಳುವುದಿಲ್ಲ ಎಂದೆ. ಚಹಾ ಆರಿತು. ಸಿಕ್ಕಾ ಬಿತ್ತು. ಕೊನೆಗೆ ಅವರೇ ಹೇಳಿದರು. “ರವಿವಾರ ಮುಂಜಾನೆ ಹುಕ್ಕೇರಿಯೊಳಗ ಅಧ್ಯಕ್ಷರ ಮನ್ಯಾಗ ಮೀಟಿಂಗ್ ಐತಿ. ಅಲ್ಲಿ ಬಂದ ಹೇಳ್ರಿ.”

ಬಸ್ ನಿಲ್ದಾಣಕ್ಕೆ ನಡೆದು ಬರಲಿಲ್ಲ, ಓಡಿ ಬಂದೆ. ಯಾಕೆ ಓಡಿದೆನೋ ಗೊತ್ತಿಲ್ಲ. ಬಸ್ ಹೊರಡಲು ಇನ್ನೂ ಹೊತ್ತಿತ್ತು.

ರವಿವಾರ ನಾಲ್ಕನೆಯ ದಿನ. ಯಲ್ಲವ್ವ ತಾನೂ ಬರುತ್ತೇನೆಂದಳು. ಲಕ್ಕವ್ವನನ್ನು ಉಳಿದ ತಾಯಂದಿರು ನೋಡಿಕೊಳ್ಳಲು ಒಪ್ಪಿದರು. ಹುಕ್ಕೇರಿಯಲ್ಲಿ ಬಸ್ ಇಳಿಯುತ್ತಿದ್ದಂತೆ ನನ್ನ ಫೋನ್ ರಿಂಗಾಯಿತು. ತಾಯಿ.

“ಬೇಟಾ, ಹುಡುಗಿಗಿ ಜ್ವರ ಬಂದೈತಿ. ನಡುಗಾಕತ್ತಾಳ.”

ನಾನು ಅಲ್ಲೇ ಹಿಂದಿರುಗಿ ಬೆಳಗಾವಿಯ ಬಸ್ ಹುಡುಕತೊಡಗಿದೆ. ಫೋನನ್ನು ಸಿಸ್ಟರ್ ತೆಗೆದುಕೊಂಡರು. ಜ್ವರ ಕಂಡ ಕೂಡಲೇ ರಕ್ತ ತೆಗೆದು ಆಂಟಿಬಯೋಟಿಕ್ ಶುರು ಮಾಡಿದ್ದೇವೆ, ಬಿಪಿ ಸರಿಯಾಗಿದೆ ಎಂದರು. ಆಮೇಲೆ ಡಾಕ್ಟರ್ ಮೇಡಂ ದನಿ. “ನೀವು ಈಗ ಬಂದು ಮಾಡುವುದು ಏನೂ ಇಲ್ಲ. ಹೋದ ಕೆಲಸ ಮುಗಿಸಿಕೊಂಡು ಬನ್ನಿ.”

ಕಾಲು ಎತ್ತ ಇಡಬೇಕೆಂದು ತಿಳಿಯಲಿಲ್ಲ. ಯಲ್ಲವ್ವ ನನ್ನ ತೋಳಿನ ಅಂಗಿ ಹಿಡಿದಳು.

“ಔಷಧ ಹತ್ತೈತೆಲ್ಲಾ. ಇನ್ನ ಕೋಣಿ ತಗೊಂಡ ಹೋಗೂಣು ನಡಿ.”

ಅಧ್ಯಕ್ಷರು ನಿವೃತ್ತ ಶಿಕ್ಷಕಿ. ಊರವರೆಲ್ಲ ಅಕ್ಕೋರು ಎನ್ನುತ್ತಾರೆ. ಎತ್ತರದ ಹೆಂಗಸು, ಬಿಳಿ ತಲೆ, ಸೆರಗು ಭುಜದ ಮೇಲೆ ಹೊದ್ದಿದ್ದರು. ಪಡಸಾಲೆಯಲ್ಲಿ ಕಾರ್ಯದರ್ಶಿಗಳೂ ಮ್ಯಾನೇಜರ್ ಮೇಡಮ್ಮೂ ಕೂತಿದ್ದರು. ಅಕ್ಕೋರು ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿದರು. ಮೊದಲು ಮೇಡಂ ಮಾತಾಡಿದರು. ಮನೆಯಲ್ಲಿ ಹೆಣ್ಣುಮಕ್ಕಳೇ ಇರುತ್ತಾರೆ, ಬಚ್ಚಲುಮನೆ ಎಲ್ಲರಿಗೂ ಒಂದೇ ಕಡೆ, ನಾಳೆ ಏನಾದರೂ ಆದರೆ ಜವಾಬ್ದಾರಿ ತನ್ನದು ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಅವರೂ ಅಂಜಿದ್ದರು ಎಂದು ನನಗೆ ಮೊದಲ ಸಲ ಕಂಡಿತು.

ಅಕ್ಕೋರು ನನ್ನತ್ತ ನೋಡಿದರು.

ಏನೇನೋ ಬರೆದುಕೊಂಡು ಬಂದಿದ್ದೆ. ಕಾಗದ ತೆಗೆಯಲಿಲ್ಲ.

“ಮೇಡಮ್ಮೋರು ಹೇಳಿದ್ದ ಬರೋಬ್ಬರಿ ಐತ್ರಿ. ಗುರುತ ಇಲ್ಲದ ಗಂಡಸ ಮನ್ಯಾಗ ಇದ್ರ ಹೆಣ್ಮಕ್ಕಳಿಗೆ ಅಂಜಿಕಿ ಆಗ್ತೈತಿ. ಅದಕ್ಕ ಬಾಗಿಲಾ ಬ್ಯಾರೆ ಮಾಡ್ರಿ, ಬಚ್ಚಲಾ ಬ್ಯಾರೆ ಮಾಡ್ರಿ, ನಾ ಕೂಡೂ ಜಾಗಾ ಗೆರಿ ಹೊಡದ ತೋರಸ್ರಿ. ಆದ್ರ ಮಗಳನ್ನ ಹೊರಗ ಹಾಕಬ್ಯಾಡ್ರಿ. ಈಗ, ನಾ ಇಲ್ಲಿ ಕುಂತಾಗ, ಆಕಿಗಿ ಜ್ವರ ಬಂದೈತಿ. ಆಸ್ಪತ್ರಿಯೊಳಗ ಅದಾಳ ಅಂತ ಔಷಧ ಹತ್ತೈತಿ. ನಿಮ್ಮ ಕಾಗದದ ಮಾತ ಕೇಳಿದ್ದಿದ್ರ ಈ ಹೊತ್ತಿಗಿ ನಾವ ಮೂಡಲಗ್ಯಾಗ ಬಸ್ಸಿನ ಹಾದಿ ಕಾಯ್ತಿದ್ವಿ.”

ನಾನು ನಿಲ್ಲಿಸಲಿಲ್ಲ.

“ಇನ್ನೊಂದ ಮಾತ ಐತ್ರಿ. ಕೋಣಿ ಕೊಡೂದ ಬಿಡೂದ ನಿಮಗ ಬಿಟ್ಟದ್ದು. ಆದ್ರ ಆ ಸಾಲ ಅಳಸ್ರಿ. ನನಗೂ ಇಬ್ರ ಹೆಣ್ಮಕ್ಕಳದಾರ. ಅವರ ಅಪ್ಪನ ಹೆಸರಿನ ಮುಂದ ಅದ ಇರಬಾರದು.”

ಅಕ್ಕೋರು ಫೈಲ್ ತರಿಸಿಕೊಂಡು ಓದಿದರು. “ದೂರು ಕೊಟ್ಟವರು ಯಾರವ್ವಾ?” ಎಂದು ಮೇಡಂ ಅವರನ್ನು ಕೇಳಿದರು. ಮೇಡಂ ತಡವರಿಸಿದರು. ಮನೆ ನೋಡಲು ಬಂದವರು ಗಂಡಸು ಅಡುಗೆಮನೆಯಲ್ಲಿ ಇರುವುದು ಚೆನ್ನಾಗಿ ಕಾಣುವುದಿಲ್ಲ ಎಂದಿದ್ದರು, ಕಾರಣ ಬರೆಯಬೇಕಿತ್ತು, ಬರೆದೆ ಎಂದರು.

ಆಗ ಯಲ್ಲವ್ವ ಎದ್ದು ನಿಂತಳು.

“ಎವ್ವಾ ಅಕ್ಕೋರ, ನಾ ಸಾಲಿ ಕಲತಾಕಿ ಅಲ್ಲ. ಈ ಮನಷ್ಯಾ ನನ್ನ ಬಾಜೂಕ ನಿಂತ ಮಗಳಿಗಿ ಸೂಸಲಾ ಮಾಡಿದಾ. ನನ್ನ ಮಗಳಿಗೂ ಒಂದ ತಾಟ ಕೊಟ್ಟಾ. ಅದ ಅನುಚಿತ ಆದ್ರ, ನನ್ನ ಗಂಡಗ ಯಾರರ ಅದನ್ನ ಕಲಸ್ರಿ.”

ಅಕ್ಕೋರು ಬಾಯಿಗೆ ಸೆರಗು ಅಡ್ಡ ಹಿಡಿದರು. ಕಾರ್ಯದರ್ಶಿಗಳು ಕಿಟಕಿಯ ಕಡೆ ತಿರುಗಿದರು. ಮ್ಯಾನೇಜರ್ ಮೇಡಂ ಮುಖದಲ್ಲೂ ಏನೋ ಸಡಿಲವಾಯಿತು. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ಅಕ್ಕೋರು ಆ ಸಾಲಿನ ಮೇಲೆ ಗೆರೆ ಎಳೆದು, ‘ಆಧಾರವಿಲ್ಲದ್ದು, ರದ್ದುಪಡಿಸಿದೆ’ ಎಂದು ಬರೆದು ಸಹಿ ಮಾಡಿದರು. ಮನೆಯ ಹಿಂಬದಿಯಲ್ಲಿ ಸಾಮಾನು ತುಂಬಿದ್ದ ಕೋಣೆಗೆ ಬೇರೆ ಬಾಗಿಲು, ಬೇರೆ ಬಚ್ಚಲು ಇತ್ತು. ಅದನ್ನು ತಾಯಿ ಬರಲಾಗದ ಮಕ್ಕಳ ತಂದೆಯರಿಗೆ ಕೊಡಬೇಕು, ಅಡುಗೆಮನೆಗೆ ಅವರಿಗೆಂದು ಹೊತ್ತು ಗೊತ್ತುಮಾಡಬೇಕು ಎಂದು ಠರಾವು ಮಾಡಿದರು.

“ತಪ್ಪು ನಮ್ಮಿಂದ ಆಗೈತಿ, ದಾವಲ್” ಎಂದರು ಅಕ್ಕೋರು. “ಲಗೂನ ಮಗಳ ಕಡೆ ಹೋಗ್ರಿ.”

ಹೊರಗೆ ಬಂದಾಗ ಯಲ್ಲವ್ವ ರಸ್ತೆಯ ಬದಿಯಲ್ಲಿ ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ಶಮೀಮ್‌ಗೆ ಫೋನ್ ಮಾಡಿದೆ. ಜ್ವರದ ಸುದ್ದಿ ಮೊದಲು ಹೇಳಿದೆ, ಗೆದ್ದ ಸುದ್ದಿ ಆಮೇಲೆ. ಅವಳು ಎರಡಕ್ಕೂ ಸೇರಿಸಿ ಅತ್ತಳು. ಹಿಂದಿನಿಂದ ಕೂಸಿನ ಅಳುವೂ ಕೇಳಿಸಿತು.

ಜ್ವರ ಇಳಿಯಲು ಐದು ದಿನ ಹಿಡಿಯಿತು. ಜ್ವರವಿದ್ದ ಮಗುವನ್ನು ಬೆಡ್‌ನಿಂದ ಯಾರೂ ಏಳಿಸಲಿಲ್ಲ. ಎರಡನೆಯ ದಿನ ಅವಳ ತುಟಿ ಒಣಗಿ, ಕಣ್ಣು ಮೇಲಾಗಿ, ನನ್ನನ್ನೇ ಗುರುತಿಸದ ಒಂದು ಗಳಿಗೆ ಇತ್ತು. ಅದನ್ನು ನಾನು ಇನ್ನೂ ಶಮೀಮ್‌ಗೆ ಹೇಳಿಲ್ಲ. ಆ ಗಳಿಗೆಯಲ್ಲಿ ಹುಕ್ಕೇರಿಯ ಗೆಲುವು ಎಳ್ಳಷ್ಟೂ ನೆನಪಿಗೆ ಬರಲಿಲ್ಲ. ಹೋರಾಡಿ ಗೆಲ್ಲುವಂಥದ್ದು ಬೇರೆ, ಕಾದು ಕೂರುವಂಥದ್ದು ಬೇರೆ ಎಂದು ಮಂಚದ ಸರಳು ಹಿಡಿದುಕೊಂಡು ಕಲಿತೆ.

ಆರನೆಯ ದಿನ ಅವಳು ಕಣ್ಣು ತೆರೆದು ಸೂಸಲಾ ಕೇಳಿದಳು. ಸಿಸ್ಟರ್ ಚಪ್ಪಾಳೆ ತಟ್ಟಿದರು.

ನಾವು ಹಿಂಬದಿಯ ಕೋಣೆಗೆ ಬಂದೆವು. ತಿಂಗಳ ಕೊನೆಯಲ್ಲಿ ಮತ್ತೆ ಬೋನ್ ಮ್ಯಾರೋ ಟೆಸ್ಟ್ ಆಯಿತು. ರೆಮಿಷನ್, ಅಂದರೆ ಈಗ ಕ್ಯಾನ್ಸರ್ ಕಣ ಕಾಣುತ್ತಿಲ್ಲ ಎಂದರು ಡಾಕ್ಟರ್ ಮೇಡಂ. ಅದನ್ನೂ ಬರೆಸಿಕೊಂಡೆ. ವಾಸಿಯಾಯಿತು ಎಂದು ಅದರ ಅರ್ಥವಲ್ಲ, ಮೊದಲ ಗುಡ್ಡ ಹತ್ತಿದಿರಿ ಅಷ್ಟೇ ಎಂದರು. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಆಸ್ಪತ್ರೆಯ ಕಾರಿಡಾರ್‌ನಲ್ಲಿ ಎರಡು ಸುತ್ತು ಸುಮ್ಮನೆ ನಡೆದೆ. ಮ್ಯಾನೇಜರ್ ಮೇಡಂ ನನ್ನ ಬಳಿ ಕ್ಷಮೆ ಕೇಳಲಿಲ್ಲ. ಆದರೆ ಆ ಸಂಜೆ ಅಫ್ರೀನ್‌ಗೆ ಒಂದು ಟೋಪಿ ತಂದು ಕೊಟ್ಟರು, ಕೈಯಲ್ಲಿ ಹೆಣೆದದ್ದು. ನಾನು “ಶುಕ್ರಿಯಾ ಮೇಡಂ” ಎಂದೆ. ಮನಸ್ಸಿನಿಂದಲೇ ಎಂದೆ.

ಈಗ ವರ್ಷ ಕಳೆದಿದೆ. ಅಫ್ರೀನ್ ಮೇಂಟೆನೆನ್ಸ್ ಔಷಧದಲ್ಲಿದ್ದಾಳೆ. ಮೂಡಲಗಿಯ ಶಾಲೆಗೆ ಹೋಗುತ್ತಾಳೆ, ತಿಂಗಳಿಗೊಮ್ಮೆ ಬೆಳಗಾವಿಗೆ ಬರುತ್ತೇವೆ. ಪ್ರತಿ ಸಲ ರಿಪೋರ್ಟ್ ಕೈಗೆ ಬರುವ ತನಕ ನಾನು ಉಗುಳು ನುಂಗುವುದಿಲ್ಲ. ಮುಂದಿನದು ಗೊತ್ತಿಲ್ಲ. ಇವತ್ತಿನದು ಚೆನ್ನಾಗಿದೆ.

ಕಳೆದ ಸಲ ಬಂದಾಗ ಆ ಮನೆಗೆ ಹೋಗಿದ್ದೆವು. ಹಿಂಬದಿಯ ಕೋಣೆಯಲ್ಲಿ ಮಮದಾಪುರದ ಒಬ್ಬ ರೈತ ಇದ್ದಾನೆ. ಮಗನಿಗೆ ಹೃದಯದ ಆಪರೇಷನ್ ಆಗಿದೆ. ಹೆಂಡತಿ ತೀರಿಹೋಗಿದ್ದಾಳೆ. ನನ್ನನ್ನು ಬದಿಗೆ ಕರೆದು, ಬಚ್ಚಲಿನ ಹೀಟರ್ ಕೆಟ್ಟು ಎಂಟು ದಿನವಾಗಿದೆ, ಮಗುವಿಗೆ ತಣ್ಣೀರು ಹಾಕಲಾಗದು ಎಂದ. ಆಫೀಸಿನ ಬಾಗಿಲಿನತ್ತ ನೋಡಿ ದನಿ ತಗ್ಗಿಸಿದ.

“ಪುಕ್ಕಟ ಕೊಟ್ಟಾರ. ಮತ್ತ ಅದನ್ನ ಹ್ಯಾಂಗ ಕೇಳೂದ್ರಿ?”

“ಬಾಯಿಲೆ ಕೇಳೂದು” ಎಂದೆ. “ನಡೀರಿ, ನಾನೂ ಬರ್ತೇನಿ.”

ಅಫ್ರೀನ್ ನಮಗಿಂತ ಮೊದಲೇ ಹೋಗಿ ಆಫೀಸಿನ ಬಾಗಿಲು ಬಡಿದಳು.